ಉಳಿದ ಗಾಳಿಯ ಕೆಲಸ

ಬೇಸಿಗೆ ಬಂತೆಂದರೆ ಫ್ರಿಜ್ ಮೆಕ್ಯಾನಿಕ್‌ಗೆ ಊರೆಲ್ಲ ನೆಂಟರು. ಮಾರ್ಚ್ ತಿಂಗಳ ಆ ಬೆಳಿಗ್ಗೆಯೂ ಗುಂಡ್ಲುಪೇಟೆಯ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಬೇಕರಿ ಫ್ರಿಜ್, ಒಂದು ಹಾಲಿನ ಡೈರಿಯ ಕೂಲರ್, ಬಾಗಿಲು ಕಳಚಿಟ್ಟ ನಾಲ್ಕು ಮನೆ ಫ್ರಿಜ್. ಅವುಗಳ ಮಧ್ಯೆ ದಾರಿ ಮಾಡಿಕೊಂಡು ಬಂದ ಒಬ್ಬ ಹುಡುಗಿ, ನಿಮ್ಮ ಪಂಪ್ ಎಷ್ಟು ಮೈಕ್ರಾನ್‌ವರೆಗೆ ಎಳೆಯುತ್ತದೆ ಎಂದು ಕೇಳಿದಳು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಗಿರಾಕಿಗಳು ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಯಾವತ್ತು ಕೊಡುತ್ತೀರಿ, ಮತ್ತೆ ಕೆಡುವುದಿಲ್ಲ ತಾನೆ. ಮೈಕ್ರಾನ್ ಕೇಳಿದವರನ್ನು ಕಂಡದ್ದು ಅದೇ ಮೊದಲು.

ಮೈಕ್ರಾನ್ ಎಂದರೆ ನಮ್ಮ ಕಸುಬಿನಲ್ಲಿ, ಪಂಪ್ ಹಾಕಿ ಗಾಳಿ ತೆಗೆದ ಮೇಲೆ ಒಳಗೆ ಎಷ್ಟು ಒತ್ತಡ ಉಳಿದಿದೆ ಎನ್ನುವ ಲೆಕ್ಕ. ನಾವು ಉಸಿರಾಡುವ ಗಾಳಿಯದು ಏಳು ಲಕ್ಷದ ಆಸುಪಾಸು. ಎಸಿಗೆ ಗ್ಯಾಸ್ ತುಂಬುವ ಮೊದಲು ಅದರ ಪೈಪನ್ನು ಐನೂರಕ್ಕಿಂತ ಕೆಳಗೆ ಇಳಿಸಬೇಕು. ಮುನ್ನೂರಕ್ಕೆ ಇಳಿಸಿದ ದಿನ ನನಗೆ ಊಟ ರುಚಿಸುತ್ತದೆ. ಐವತ್ತರವರೆಗೂ ಎಳೆಯುತ್ತದೆ ಎಂದು ಸ್ವಲ್ಪ ಎದೆ ಉಬ್ಬಿಸಿಯೇ ಹೇಳಿದೆ. ಅವಳು ಚೀಲದಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದಳು. ಒಳಗೆ ನಾಲ್ಕು ರೇಷ್ಮೆ ಗೂಡು.

ಹುಡುಗಿ ಉಡಿಗಾಲದವಳು, ತಾಯಿ ರೇಷ್ಮೆ ಸಾಕುತ್ತಾರೆ. ಚಾಮರಾಜನಗರದ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ, ಕೊನೆಯ ವರ್ಷ. ಅವಳ ಪ್ರಾಜೆಕ್ಟ್‌ಗೆ ಬೇಕಾದ ಹಳೆಯ ಪಂಪ್ ಜಾಮ್ ಆಗಿ ಕೂತಿತ್ತು. ಗೈಡ್ ಆಗಿದ್ದ ಮೇಡಂ ಮನೆಯ ಫ್ರಿಜ್ ಒಮ್ಮೆ ನಾನೇ ರಿಪೇರಿ ಮಾಡಿದ್ದೆ, ಅವರೇ ನನ್ನ ಹತ್ತಿರ ಕಳಿಸಿದ್ದರು. ವರದಿ ಒಪ್ಪಿಸಲು ಇದ್ದದ್ದು ಹದಿನೇಳು ದಿನ. ತಪ್ಪಿದರೆ ಮುಂದಿನ ವರ್ಷದ ಬ್ಯಾಚಿನ ಜೊತೆ. ಜೂನ್‌ನಿಂದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಕೊಡುತ್ತೇವೆ ಎಂದಿದ್ದರಂತೆ, ಆದರೆ ಪಾಸಾದ ಅಂಕಪಟ್ಟಿ ಕೈಯಲ್ಲಿರಬೇಕು. ಅವರ ಮನೆಯಲ್ಲಿ ಸಂಬಳದ ಕೆಲಸಕ್ಕೆ ಹೋಗುವ ಮೊದಲನೆಯವಳು ಇವಳೇ.

ಈ ಗೂಡಿಗೂ ನನ್ನ ಪಂಪಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಕೆಟ್ಟು ನಿಂತ ಕೂಲರ್ ಮೇಲೆಯೇ ಚಿತ್ರ ಬರೆದು ತಿಳಿಸಿದಳು. ಗೂಡಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಅದನ್ನು ತೆಳು ಗಾಳಿಯಲ್ಲಿ ತೂಗುಹಾಕಿ ಒಂದು ಮಗ್ಗುಲನ್ನು ಬಿಸಿ ಮಾಡಿದರೆ, ತಂಪು ಮಗ್ಗುಲಿನ ಗಾಳಿ ರಂಧ್ರಗಳ ಮೂಲಕ ನುಸುಳಿ ಬಿಸಿ ಮಗ್ಗುಲಿಗೆ ಬರುತ್ತದೆ. ತೆಪ್ಪದಲ್ಲಿ ಕೂತವನು ನೀರನ್ನು ಹಿಂದಕ್ಕೆ ತಳ್ಳಿದರೆ ತೆಪ್ಪ ಮುಂದೆ ಹೋಗುವ ಹಾಗೆ, ಗಾಳಿಯನ್ನು ಬಿಸಿ ಮಗ್ಗುಲಿಗೆ ತಳ್ಳಿದ ಗೂಡು ತಾನು ತಂಪು ಮಗ್ಗುಲಿಗೆ ಸರಿಯುತ್ತದೆ. ಬಿಸಿ ಕಡೆಯಿಂದ ತಂಪಿನ ಕಡೆಗೆ ಹೋಗಬೇಕಾದ ಗಾಳಿ ಉಲ್ಟಾ ಯಾಕೆ ಬರುತ್ತದೆ ಎಂದೆ. ದಪ್ಪ ಗಾಳಿಯಲ್ಲಿ ಬರುವುದಿಲ್ಲ, ತೆಳು ಗಾಳಿಯಲ್ಲಿ, ಕಿರಿದಾದ ರಂಧ್ರದಲ್ಲಿ ಮಾತ್ರ ಬರುತ್ತದೆ ಎಂದಳು. ನಾನು ನಂಬಲಿಲ್ಲ. ಆದರೆ ಪಂಪ್ ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಪಂಪ್ ಒಂದನ್ನೇ ಕಳಿಸುವವನಲ್ಲ, ಜೊತೆಗೆ ನಾನೂ ಬರುತ್ತೇನೆ ಎಂದೆ.

ಲ್ಯಾಬಿನಲ್ಲಿ ಒಂದು ದಪ್ಪ ಗಾಜಿನ ಜಾಡಿ ಇತ್ತು, ಕೆಳಗೆ ಕಬ್ಬಿಣದ ತಟ್ಟೆ. ಜಾಡಿಯ ಒಳಗೆ, ಗೂಡಿನಿಂದಲೇ ಬಿಚ್ಚಿದ ಒಂದೇ ಒಂದು ರೇಷ್ಮೆ ಎಳೆಯಿಂದ ಪೊರಕೆಕಡ್ಡಿಯ ತುಂಡೊಂದನ್ನು ಅಡ್ಡಲಾಗಿ ತೂಗುಹಾಕಿದ್ದಳು. ಕಡ್ಡಿಯ ಒಂದು ತುದಿಗೆ ಗೂಡಿನಿಂದ ಕತ್ತರಿಸಿದ ಪುಟ್ಟ ಚಪ್ಪಟೆ ಚೂರು, ಹಲ್ಲೆ ಅನ್ನಿ, ಅದರ ಒಂದು ಮುಖಕ್ಕೆ ದೀಪದ ಮಸಿ. ಇನ್ನೊಂದು ತುದಿಗೆ ಸಮತೂಕಕ್ಕೆ ಒಂದು ಮಣಿ. ನಡುವೆ ಉಗುರಿಗಿಂತ ಚಿಕ್ಕ ಕನ್ನಡಿ ಚೂರು. ಕನ್ನಡಿಗೆ ಲೇಸರ್ ಬಿಟ್ಟರೆ ಎದುರು ಗೋಡೆಯ ಗ್ರಾಫ್ ಹಾಳೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ. ಹೊರಗಿನಿಂದ ದೀಪ ಹಚ್ಚಿದಾಗ ಮಸಿ ಮುಖ ಬಿಸಿಯಾಗಿ ಹಲ್ಲೆ ಕೂದಲೆಳೆಯಷ್ಟು ಸರಿದರೂ ಚುಕ್ಕಿ ಗೋಡೆಯ ಮೇಲೆ ಬೆರಳಗಲ ಓಡುತ್ತದೆ. ಇಷ್ಟು ವರ್ಷ ನಾನು ಗಾಳಿ ತೆಗೆದದ್ದೆಲ್ಲ ತಾಮ್ರದ ಪೈಪಿನೊಳಗಿಂದ. ಗಾಳಿ ತೆಗೆದ ಜಾಗವನ್ನು ಕಣ್ಣಿನಿಂದ ನೋಡಬಹುದು ಎನ್ನುವುದೇ ಹೊಸದಾಗಿತ್ತು.

ಮೊದಲ ಎರಡು ದಿನ ಲೀಕ್ ಹುಡುಕುವುದರಲ್ಲೇ ಕಳೆಯಿತು. ಕಾಲೇಜಿನ ರಬ್ಬರ್ ಟ್ಯೂಬ್ ಹಾಕಿದಾಗ ನನ್ನ ಮೈಕ್ರಾನ್ ಮೀಟರ್ ಆರು ಸಾವಿರಕ್ಕೆ ನಿಂತಿತು. ನನ್ನ ಗ್ಯಾಸ್ ತುಂಬುವ ಹೋಸ್ ಹಾಕಿದೆ, ಎರಡು ಸಾವಿರ. ಕೊನೆಗೆ ಎಲ್ಲ ಕಿತ್ತುಹಾಕಿ ತಾಮ್ರದ ಪೈಪ್ ಬಗ್ಗಿಸಿ, ತುದಿ ಅರಳಿಸಿ ನಟ್ ಬಿಗಿದೆ. ಜಾಡಿಯ ಅಂಚಿನ ಹಳೆಯ ಗ್ರೀಸ್ ಒರೆಸಿ ಹೊಸದು ಸವರಿದೆ. ಖಾಲಿ ಜಾಡಿ ಎಪ್ಪತ್ತಕ್ಕೆ ಇಳಿಯಿತು. ಮೇಡಂ ಚಹಾ ತರಿಸಿದರು.

ಮೂರನೆಯ ದಿನ ಹಲ್ಲೆ ತೂಗುಹಾಕಿ ಪಂಪ್ ಹಾಕಿದೆವು. ಅವತ್ತು ಎಷ್ಟು ಹೊತ್ತು ಓಡಿಸಿದರೂ ಮೀಟರ್ ನೂರ ನಲವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಸಾಕು ಎಂದು ದೀಪ ಹಚ್ಚಿದಳು. ಕೆಂಪು ಚುಕ್ಕಿ ಏಳು ಸೆಂಟಿಮೀಟರ್ ಹಾರಿತು, ಹೇಗೆ ಹೋಗಬೇಕೋ ಅದೇ ದಿಕ್ಕಿಗೆ. ಮೇಡಂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಹುಡುಗಿ ತಾಯಿಗೆ ಫೋನ್ ಮಾಡಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಕಸುಬಿನ ಕಣ್ಣು, ಅದು ಮೀಟರ್ ಬಿಟ್ಟು ಕದಲಲಿಲ್ಲ. ದೀಪ ಹಚ್ಚಿದಾಗ ನೂರ ನಲವತ್ತು ಇದ್ದದ್ದು ಮುನ್ನೂರ ಹತ್ತಕ್ಕೆ ಏರಿತ್ತು. ಆರಿಸಿದಾಗ ನಿಧಾನಕ್ಕೆ ಇಳಿದಿತ್ತು.

ಸಂಜೆ ಊರಿಗೆ ವಾಪಸ್ ಬರುವ ಬಸ್ಸು ತೆರಕಣಾಂಬಿ ದಾಟುವಾಗ ವಿಷಯ ಹೊಳೆಯಿತು. ಗೂಡಿನ ಒಳಗೆ ನೀರು ಇದೆ. ಗಾಳಿ ತೆಗೆದ ಜಾಗದಲ್ಲಿ ನೀರು ತಣ್ಣಗಿದ್ದರೂ ಆವಿಯಾಗುತ್ತದೆ, ಬಿಸಿ ತಗುಲಿದರೆ ಕೇಳುವುದೇ ಬೇಡ. ಮಸಿ ಮುಖದಿಂದ ಚಿಮ್ಮಿದ ಆವಿಯೂ ಹಲ್ಲೆಯನ್ನು ಅದೇ ದಿಕ್ಕಿಗೇ ತಳ್ಳುತ್ತದೆ. ಅಂದರೆ ನಾವು ಕಂಡದ್ದು ರಂಧ್ರದ ಗಾಳಿಯ ಆಟವಲ್ಲ, ನೀರಿನ ಆಟ.

ಮನೆ ಸೇರುವವರೆಗೂ ಮನಸ್ಸಿಗೆ ಸಮಾಧಾನವಿಲ್ಲ. ಸುಮ್ಮನಿದ್ದರೆ ಹುಡುಗಿ ವರದಿ ಕೊಡುತ್ತಾಳೆ, ಪಾಸಾಗುತ್ತಾಳೆ, ಕೆಲಸಕ್ಕೆ ಸೇರುತ್ತಾಳೆ. ಮೇಡಂ ಕಂಡುಹಿಡಿಯದ ತಪ್ಪನ್ನು ಎತ್ತಿ ತೋರಿಸಲು ನಾನು ಯಾರು? ಹೇಳಿದರೆ ಅವಳ ಒಂದು ವರ್ಷ ನನ್ನ ಬಾಯಿಂದ ಹಾಳಾಗಬಹುದು. ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಸುತ್ತಾ ಉರ್ದುವಿನಲ್ಲಿ ಒಂದೇ ಮಾತು ಕೇಳಿದಳು: ಪೈಪಿನಲ್ಲಿ ನೀರಿದೆ ಎಂದು ಗೊತ್ತಿದ್ದೂ ಯಾರ ಮನೆಗಾದರೂ ಫ್ರಿಜ್ ಕಳಿಸಿದ್ದೀಯಾ? ಇಲ್ಲ ಎಂದೆ.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಐಸ್‌ಕ್ರೀಂ ವ್ಯಾನಿನವನು ಬಂದು ನಿಂತಿದ್ದ. ರಾತ್ರಿ ಬಂಡೀಪುರದ ಕಾಡಿನ ಗೇಟ್ ಹಾಕುವುದರೊಳಗೆ ದಾಟಿ ಊಟಿ ಸೇರಬೇಕು ಎಂದ. ಸಂಜೆ ನೋಡೋಣ ಎಂದು ಅವನ ಬೈಗುಳ ಕೇಳಿಸಿಕೊಂಡೇ ಚಾಮರಾಜನಗರದ ಬಸ್ಸು ಹತ್ತಿದೆ.

ಹುಡುಗಿ ಆಗಲೇ ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕುತ್ತಿದ್ದಳು. ಹೇಗೆ ಶುರು ಮಾಡುವುದೋ ತಿಳಿಯದೆ ನೇರವಾಗಿಯೇ ಹೇಳಿಬಿಟ್ಟೆ. "ಅದುನ್ನ ಗಾಳಿ ತಳ್ತಾ ಇಲ್ಲ ಕಣಮ್ಮಿ. ನೀರು ತಳ್ತಾ ಅದೆ."

ಅವಳು ತಲೆ ಎತ್ತಿದಳು. ಮುಖ ಕೆಂಪಾಯಿತು. "ನೀವು ಫ್ರಿಜ್ ರಿಪೇರಿ ಮಾಡೋರು ಅಣ್ಣ. ಇದು ಫ್ರಿಜ್ ಅಲ್ಲ."

ಚುರ್ ಎಂದಿತು. ಎದ್ದು ಹೋಗುವ ಮನಸ್ಸೂ ಆಯಿತು, ಪಂಪ್ ಹೇಗೂ ನನ್ನದೇ. ಮೇಡಂ ನನ್ನ ಪರವೂ ಮಾತಾಡಲಿಲ್ಲ, ಅವಳ ಪರವೂ ಮಾತಾಡಲಿಲ್ಲ. ನೀರು ಎಂದು ಹೇಗೆ ಹೇಳುತ್ತೀರಿ, ತೋರಿಸಿ ಎಂದರು. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ಗಾಳಿ ತೆಗೆದ ಮೇಲೆ ಪಂಪಿನ ಕಡೆಯ ವಾಲ್ವ್ ಮುಚ್ಚಿ ಮೀಟರ್ ನೋಡುತ್ತಾ ಕೂರಬೇಕು. ಲೀಕ್ ಇದ್ದರೆ ಮುಳ್ಳು ಏರುತ್ತಲೇ ಹೋಗುತ್ತದೆ, ನಿಲ್ಲುವುದಿಲ್ಲ. ನೀರಿದ್ದರೆ ಒಂದಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಪಂಪ್ ಹಾಕಿ ಗಾಳಿ ತೆಗೆದು ವಾಲ್ವ್ ಮುಚ್ಚಿದೆ. ಮೂವರೂ ಸ್ಟೂಲ್ ಎಳೆದುಕೊಂಡು ಕೂತೆವು. ಮೀಟರ್ ಸರಸರ ಏರಿ ಒಂಬೈನೂರಕ್ಕೆ ಬಂದು ನಿಂತಿತು. ಅರ್ಧ ಗಂಟೆ ಕಾದರೂ ಕದಲಲಿಲ್ಲ.

ಆಮೇಲೆ ಮತ್ತೆ ಪಂಪ್ ಹಾಕಿ, ಹತ್ತು ಹತ್ತು ನಿಮಿಷಕ್ಕೆ ದೀಪ ಹಚ್ಚಿ ಆರಿಸಿ ನೋಡಿದೆವು. ಚುಕ್ಕಿ ಮೊದಲು ಐದು ಸೆಂಟಿಮೀಟರ್ ಹೋಯಿತು, ನಂತರ ನಾಲ್ಕೂವರೆ, ನಾಲ್ಕು. ನೀರು ಮುಗಿಯುತ್ತಾ ಬಂದಂತೆ ಓಟವೂ ಮುಗಿಯುತ್ತಾ ಬಂತು. ಸಂಜೆ ನಾಲ್ಕಕ್ಕೆ ಒಂದೂವರೆ. ಹುಡುಗಿ ಪ್ರತಿಯೊಂದನ್ನೂ ಬರೆದುಕೊಂಡಳು, ಒಮ್ಮೆಯೂ ನನ್ನ ಕಡೆ ನೋಡದೆ.

ನೀರು ಬಂದದ್ದು ಎಲ್ಲಿಂದ ಎಂದು ಕೇಳಿದಾಗ ಸಂಗತಿ ಹೊರಬಿತ್ತು. ಗೂಡು ಉರುಟು, ಹಲ್ಲೆ ಚಪ್ಪಟೆಯಾಗಿರಬೇಕು. ಅವಳ ತಾಯಿ ಗೂಡು ಕತ್ತರಿಸಿ, ಹತ್ತಿ ಸೀರೆಗೆ ಮಾಡುವಂತೆ ಗಂಜಿ ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಹಾಕಿದ್ದರು. ಮಗಳ ಪರೀಕ್ಷೆಗಲ್ಲವೆ, ಮಡಿಕೆ ಉಳಿಯಬಾರದೆಂದು ಎರಡು ಸಲ. ಮೇಡಂ ಹಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ನಿಟ್ಟುಸಿರು ಬಿಟ್ಟರು. ಗೂಡಿನ ಅಂಟು ಕರಗಿ, ಗಂಜಿ ಸೇರಿ, ರಂಧ್ರವೆಲ್ಲ ಮುಚ್ಚಿಹೋಗಿತ್ತು. ಮದುವೆ ಕಾಗದದಷ್ಟು ನುಣುಪು. ಹುಡುಗಿ ಮೊದಲು ನಕ್ಕಳು, ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಹದಿಮೂರು ದಿನ ಉಳಿದಿತ್ತು. ಅದರಲ್ಲಿ ಬರೆಯಲು ನಾಲ್ಕು ದಿನ ಬೇಕು. ವಿಡಿಯೋ ಮೇಡಂ ಮೊಬೈಲಿನಲ್ಲಿ ಇನ್ನೂ ಇತ್ತು. ಅದನ್ನೇ ಕೊಟ್ಟುಬಿಡಬಹುದು ಎನ್ನುವ ಯೋಚನೆ ಮೂವರಿಗೂ ಬಂದಿತ್ತು. ಹುಡುಗಿ ಒಳಗೆ ಬಂದು, "ಆ ವಿಡಿಯೋ ಅಳಿಸ್ಬುಡಿ ಮೇಡಂ," ಎಂದಳು. ಮೇಡಂ ಅಳಿಸಲಿಲ್ಲ. ಅದೂ ವರದಿಗೆ ಬೇಕು, ತಪ್ಪೂ ಒಂದು ಅಧ್ಯಾಯ ಎಂದರು.

ಮಾರನೆಯ ಬೆಳಿಗ್ಗೆ ಬಂದ ಉಪಾಯ ಹುಡುಗಿಯದೇ. ಒಂದೇ ಗೂಡನ್ನು ಉದ್ದಕ್ಕೆ ಎರಡು ಹೋಳು ಮಾಡುವುದು. ಉರುಟಾಗಿದ್ದರೆ ಇರಲಿ, ಎರಡೂ ಒಂದೇ ಥರ ಉರುಟು. ಒಂದನ್ನು ಹೇಗಿದೆಯೋ ಹಾಗೇ ಬಿಡುವುದು, ಇನ್ನೊಂದಕ್ಕೆ ಬೇಕೆಂದೇ ಗಂಜಿ ಬಳಿದು ರಂಧ್ರ ಮುಚ್ಚುವುದು. ಎರಡನ್ನೂ ಪೂರ್ತಿ ಒಣಗಿಸಿ ಒಂದಾದ ಮೇಲೆ ಒಂದು ತೂಗುಹಾಕುವುದು. ರಂಧ್ರವಿರುವುದು ಹೆಚ್ಚು ಸರಿದರೆ ಆ ಹೆಚ್ಚಿನದಷ್ಟೇ ರಂಧ್ರದ ಕೆಲಸ. ತಾಯಿಯ ತಪ್ಪನ್ನೇ ಅವಳು ಅಳತೆಗೋಲು ಮಾಡಿಕೊಂಡಳು. ನಿನ್ನೆ ಮೆಟ್ಟಿಲ ಮೇಲೆ ಕೂತಿದ್ದವಳು ಇವಳೇನಾ ಎಂದು ನನಗೆ ಬೆರಗಾಯಿತು.

ಒಣಗಿಸುವುದು ನನ್ನ ಪಾಲಿನ ಕೆಲಸ. ಎರಡೂ ಹೋಳನ್ನು ಜಾಡಿಯಲ್ಲಿಟ್ಟು, ಹೊರಗಿನಿಂದ ಬಲ್ಬಿನ ಕಾವು ಕೊಟ್ಟು, ಬೆಳಿಗ್ಗೆಯಿಂದ ಲ್ಯಾಬ್ ಮುಚ್ಚುವವರೆಗೆ ಪಂಪ್ ಓಡಿಸುವುದು. ಪಂಪಿನ ಎಣ್ಣೆ ನೀರು ಕುಡಿದು ಮಜ್ಜಿಗೆಯಂತಾಗುತ್ತಿತ್ತು, ಮೂರು ಸಲ ಬದಲಾಯಿಸಿದೆ. ಕರೆಂಟ್ ಹೋದರೆ ತಕ್ಷಣ ವಾಲ್ವ್ ಮುಚ್ಚಬೇಕು, ಇಲ್ಲವಾದರೆ ಜಾಡಿಯೇ ಪಂಪಿನ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಒಬ್ಬರು ಸದಾ ಪಕ್ಕದಲ್ಲಿರಬೇಕು. ಶುಕ್ರವಾರ ನಾನು ನಮಾಜಿಗೆ ಹೋಗಿದ್ದೆ, ಅವಳು ಎರಡು ನಿಮಿಷ ಬಾಟಲಿ ತುಂಬಿಸಿಕೊಳ್ಳಲು ಹೋದಳು. ಅಷ್ಟರಲ್ಲೇ ಕರೆಂಟ್ ಹೋಯಿತು. ನಾನು ಬಂದಾಗ ಎಣ್ಣೆ ತಾಮ್ರದ ಪೈಪನ್ನೆಲ್ಲ ತುಂಬಿ ಜಾಡಿಗೆ ಒಂದು ಅಂಗುಲ ಹಿಂದೆ ನಿಂತಿತ್ತು. ಓಡಿಬಂದು ವಾಲ್ವ್ ಮುಚ್ಚಿದ್ದ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು, ಬಿಟ್ಟರೆ ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವಂತೆ. ಬಯ್ಯಬೇಕೆಂದುಕೊಂಡವನಿಗೆ ನಗು ಬಂತು. ಪೈಪ್ ಕಳಚಿ ತೊಳೆಯಲು ಅರ್ಧ ದಿನ ಹೋಯಿತು.

ನಾಲ್ಕು ದಿನ ಕಳೆದ ಮೇಲೆ ವಾಲ್ವ್ ಮುಚ್ಚಿದರೆ ಮೀಟರ್ ಹೆಚ್ಚುಕಡಿಮೆ ಅಲುಗಾಡದ ಸ್ಥಿತಿಗೆ ಬಂತು. ಎಂಬತ್ತು ಮೈಕ್ರಾನ್. ಇದಕ್ಕಿಂತ ಚೆನ್ನಾಗಿ ನನ್ನ ಜೀವಮಾನದಲ್ಲಿ ಯಾವ ಎಸಿಯನ್ನೂ ಒಣಗಿಸಿರಲಿಲ್ಲ. ಮುಚ್ಚಿದ ಹೋಳು ತೂಗುಹಾಕಿ ದೀಪ ಹಚ್ಚಿದೆವು, ಚುಕ್ಕಿ ಎರಡು ಸೆಂಟಿಮೀಟರ್ ಹೋಯಿತು. ರಂಧ್ರದ ಹೋಳು ತೂಗುಹಾಕಿದೆವು. ಅದೂ ಎರಡು. ಮತ್ತೆ ಮತ್ತೆ ನೋಡಿದರೂ ಅಷ್ಟೇ. ರಂಧ್ರವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಜಾಡಿ ಹೇಳುತ್ತಿತ್ತು. ಹುಡುಗಿ ಪೆನ್ನು ಮುಚ್ಚಿಟ್ಟಳು. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸುಳ್ಳೋ ನಿಜವೋ, ಓಡುತ್ತಿದ್ದ ಚುಕ್ಕಿಯನ್ನು ನಿಲ್ಲಿಸಿದವನು ನಾನೇ ಅಲ್ಲವೆ?

ಮಾರನೆಯ ದಿನ ಹೋಗುವಷ್ಟರಲ್ಲಿ ಮೇಡಂ ಮತ್ತು ಅವಳು ಒಂದು ಹಾಳೆಯ ತುಂಬ ಲೆಕ್ಕ ಮಾಡಿಟ್ಟಿದ್ದರು. ಗಾಳಿಯ ಕಣ ಇನ್ನೊಂದು ಕಣಕ್ಕೆ ಡಿಕ್ಕಿ ಹೊಡೆಯುವ ಮುಂಚೆ ಎಷ್ಟು ದೂರ ಓಡುತ್ತದೆ ಎನ್ನುವ ಲೆಕ್ಕ. ಎಂಬತ್ತು ಮೈಕ್ರಾನ್‌ನಲ್ಲಿ ಗಾಳಿ ಎಷ್ಟು ತೆಳುವೆಂದರೆ ಆ ಓಟ ರಂಧ್ರದ ಅಗಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಂಥ ಕಡೆ ಮುಚ್ಚಿದ ಹೋಳಿನ ಬಿಸಿ ಮುಖಕ್ಕೆ ತಗುಲಿದ ಕಣಗಳೂ ಜೋರಾಗಿ ಒದ್ದು ಹೋಗುತ್ತವೆ, ಹಾಗಾಗಿ ಎರಡೂ ಒಂದೇ ಥರ ಸರಿಯುತ್ತವೆ. ಓಟ ಮತ್ತು ರಂಧ್ರ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದಾಗ ಮುಚ್ಚಿದ್ದು ಸುಮ್ಮನಾಗಬೇಕು, ತೆರೆದದ್ದು ಮಾತ್ರ ಸರಿಯಬೇಕು. ಅದಕ್ಕೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ಹದಿನೈದು ನೂರು ಮೈಕ್ರಾನ್ ಮಾಡಿಕೊಡಿ ಎಂದರು.

ಆಗುವುದಿಲ್ಲ ಎಂದೆ. ಹಟಕ್ಕಲ್ಲ, ಕೈಯೇ ಬರಲಿಲ್ಲ. ಕಸುಬು ಕಲಿತ ದಿನದಿಂದ ನನಗೆ ಗೊತ್ತಿರುವುದು ಒಂದೇ, ಮೀಟರ್ ಇಳಿಸುವುದು. ಹದಿನೈದು ನೂರಕ್ಕೆ ನಿಂತ ಎಸಿಗೆ ಗ್ಯಾಸ್ ತುಂಬಿದವನನ್ನು ನಾವು ಮೆಕ್ಯಾನಿಕ್ ಎಂದೇ ಕರೆಯುವುದಿಲ್ಲ. ಇಷ್ಟು ದಿನ ಹೆಣಗಿ ತೆಗೆದ ಗಾಳಿಯನ್ನು ನನ್ನ ಕೈಯಾರೆ ಒಳಗೆ ಬಿಡುವುದೇ? ಹುಡುಗಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಮೊನ್ನೆ ನೀವು ಯೋಳಿದ್ನ ನಾನು ನಂಬ್ಲಿಲ್ಲ ಅಣ್ಣ. ತಪ್ಪಾಯ್ತು. ಇವತ್ತು ನೀವು ನಂಬಿ."

ನಂಬಿದೆ. ಲ್ಯಾಬಿನ ಗಾಳಿಯನ್ನೇ ಬಿಟ್ಟರೆ ಮತ್ತೆ ತೇವ ನುಗ್ಗುತ್ತದೆಂದು, ಅಂಗಡಿಯಿಂದ ಪೈಪ್ ಒಣಗಿಸುವ ಸಾರಜನಕದ ಸಿಲಿಂಡರ್ ತರಿಸಿದೆ. ರಂಧ್ರದ ಹೋಳು ತೂಗುತ್ತಿತ್ತು. ಪಂಪಿನ ವಾಲ್ವ್ ಮುಚ್ಚಿ, ಸಿಲಿಂಡರಿನದನ್ನು ಕೂದಲೆಳೆಯಷ್ಟು ತೆರೆದೆ. ಮೀಟರ್ ಎಂಬತ್ತರಿಂದ ಇನ್ನೂರಾಗಿ, ಆರುನೂರಾಗಿ ಏರಿತು. ಹದಿನೈದು ನೂರಕ್ಕೆ ಬಂದಾಗ ಮುಚ್ಚಿದೆ. ದೀಪ ಹಚ್ಚಿದಳು. ಚುಕ್ಕಿ ಹೊರಟಿತು, ಮೊದಲಿನಂತೆ ಹಾರಲಿಲ್ಲ, ಸಾವಕಾಶವಾಗಿ ಸರಿದು ಮೂರು ಸೆಂಟಿಮೀಟರ್ ಹತ್ತಿರ ನಿಂತಿತು. ಆಮೇಲೆ ಮುಚ್ಚಿದ ಹೋಳು ಹಾಕಿ ಎಲ್ಲವನ್ನೂ ಮೊದಲಿಂದ ಮಾಡಿದೆವು. ಅದು ಅರ್ಧ ಸೆಂಟಿಮೀಟರ್ ದಾಟಲಿಲ್ಲ. ಮೀಟರ್ ಎರಡು ಸಲವೂ ಬಹುಪಾಲು ಇದ್ದಲ್ಲೇ ಇತ್ತು, ನೀರಿನ ಸುಳಿವಿಲ್ಲ.

ಮುಂದಿನ ಎರಡು ದಿನ ಅದನ್ನೇ ಮಾಡಿದೆವು. ಹತ್ತು ಸಲ ಹಚ್ಚಿದರೂ ಹತ್ತನೆಯದು ಮೊದಲನೆಯದರಷ್ಟೇ ಇತ್ತು. ಮಸಿ ಮುಖವನ್ನು ತಿರುಗಿಸಿ ತೂಗುಹಾಕಿದರೆ ಚುಕ್ಕಿ ಇನ್ನೊಂದು ದಿಕ್ಕಿಗೆ ಹೋಯಿತು. ಹುಡುಗಿ ಕೊನೆಯ ಸಂಖ್ಯೆ ಬರೆದು ಪುಸ್ತಕ ಮುಚ್ಚಿ, ಮನೆಯಿಂದ ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಮೊದಲು ನನ್ನ ಮುಂದಿಟ್ಟಳು. ಕಳಿಸಿದ್ದು ಅವಳ ತಾಯಿ. ಇಸ್ತ್ರಿ ವಿಷಯ ಕೇಳಿದಾಗಿನಿಂದ ಪಾಪ ನನ್ನ ಮುಖ ನೋಡಲು ನಾಚಿಕೆ ಎನ್ನುತ್ತಿದ್ದರಂತೆ. ಅವರ ಗಂಜಿಯಿಲ್ಲದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ, ಹಾಗಂತ ಹೇಳು ಎಂದೆ.

ಆ ಬೇಸಿಗೆ ನಾನು ಕಳೆದುಕೊಂಡ ಗಿರಾಕಿಗಳು ಆಮೇಲೆ ವಾಪಸ್ ಬಂದರು, ಐಸ್‌ಕ್ರೀಂ ವ್ಯಾನಿನವನೂ ಬಂದ. ಆ ಹುಡುಗಿಗೂ ಮೇಡಂಗೂ ನಾನು ಎಷ್ಟು ಕೃತಜ್ಞ ಎಂದು ಎದುರಿಗೆ ಹೇಳಲು ಆಗಿಲ್ಲ, ಇಲ್ಲಿ ಹೇಳುತ್ತೇನೆ. ಗಾಳಿ ತೆಗೆಯುವುದೇ ಕೆಲಸ, ಉಳಿದದ್ದು ಕೊಳೆ ಎಂದುಕೊಂಡು ಬದುಕಿದವನು ನಾನು. ಉಳಿದ ಆ ಚೂರು ಗಾಳಿಯೂ ಒಂದು ಕೆಲಸ ಮಾಡುತ್ತದೆ, ಅದೂ ಅಷ್ಟು ನಾಜೂಕಾಗಿ, ಎಂದು ಕಣ್ಣಾರೆ ತೋರಿಸಿದವರು ಅವರು.

ವರದಿ ಕೊನೆಯ ದಿನ ಮಧ್ಯಾಹ್ನ ಹೋಯಿತು. ಹುಡುಗಿ ಪಾಸಾದಳು, ಜೂನ್‌ನಲ್ಲಿ ಕೆಲಸಕ್ಕೂ ಸೇರಿದಳು. ಅದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನಾನು ಹೇಳಬೇಕೆಂದಿರುವುದು ಮೌಖಿಕ ಪರೀಕ್ಷೆಯ ದಿನದ ಒಂದು ಮಾತು. ಪರೀಕ್ಷಕರಿಗೆ ಪ್ರಯೋಗ ತೋರಿಸಬೇಕೆಂದು ಪಂಪ್ ಓಡಿಸಲು ನನ್ನನ್ನು ಕರೆದಿದ್ದರು. ತೋರಿಸಿದ್ದಾದ ಮೇಲೆ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು.

ಪರೀಕ್ಷಕರು ಬೇರೆ ಊರಿನವರು, ವಯಸ್ಸಾದವರು. ವರದಿಯ ಹಾಳೆ ತಿರುವುತ್ತಾ ತಪ್ಪಿನ ಅಧ್ಯಾಯದಲ್ಲಿ ನಿಂತರು. ಮೊದಲ ದಿನ ಏಳು ಸೆಂಟಿಮೀಟರ್ ಬಂದಿದೆ, ಕೊನೆಗೆ ಕೊಟ್ಟಿರುವುದು ಮೂರು. ದಿಕ್ಕೂ ಸರಿಯಾಗಿಯೇ ಇತ್ತು. ಆ ಏಳನ್ನೇ ಕೊಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ನನಗಂತೂ ಗೊತ್ತಾಗುತ್ತಿರಲಿಲ್ಲ ಎಂದರು.

ಹುಡುಗಿ ಅಷ್ಟು ಹೊತ್ತು ಪುಸ್ತಕದ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಜಾಗರೂಕತೆಯಿಂದ ಉತ್ತರ ಕೊಡುತ್ತಿದ್ದಳು. ಆ ಪ್ರಶ್ನೆಗೆ ಮಾತ್ರ ಊರಿನ ಮಾತೇ ಬಂತು.

"ಗೊತ್ತಾಗೋರು ಒಬ್ರು ಅವ್ರೆ ಸಾರ್. ಆಚೆ ಬೆಂಚ್ ಮ್ಯಾಲೆ ಕುಂತವ್ರೆ."

ಪರೀಕ್ಷಕರು ಕನ್ನಡಕ ತೆಗೆದು ಬಾಗಿಲ ಕಡೆ ತಿರುಗಿದರು. ನಾನು ಎದ್ದು ನಿಂತೆ. ಕಣ್ಣು ತುಂಬಿಕೊಂಡಿದ್ದರಿಂದ ಅವರ ಮುಖ ನನಗೆ ಕಾಣಲಿಲ್ಲ.